ತಳ ಹಿಡಿದ ಅನ್ನ

ಹಾಂಗ್‌ಕಾಂಗ್‌ನಲ್ಲಿ ಉತ್ತರದ ಒಣಗಾಳಿ ಬೀಸತೊಡಗಿತೆಂದರೆ ಶೆಂಗ್ ವಾನ್‌ನ ಒಣಮೀನಿನ ಬೀದಿಯಲ್ಲಿ ಕೆಂಪು ಸಾಸೇಜುಗಳ ಗೊಂಚಲು ನೇತಾಡಲು ಶುರು. ಹಂದಿಯ ಮಾಂಸ, ಕೊಬ್ಬು ಕೊಚ್ಚಿ, ಉಪ್ಪು, ಸಕ್ಕರೆ, ಸೋಯಾ ಸಾಸ್, ಗುಲಾಬಿ ಘಮದ ಮದ್ಯ ಬೆರೆಸಿ, ಕರುಳಿಗೆ ತುಂಬಿ ಒಣಗಿಸಿದ್ದು. ಹೆಸರು ಲಾಪ್ ಚಿಯೋಂಗ್. ಬಾತುಕೋಳಿಯ ಈಲಿ ಹಾಕಿದ ಕಪ್ಪನೆಯ ಬಗೆಯೂ ಉಂಟು. ಪಕ್ಕದಲ್ಲೇ ಬೆಲ್ಟಿನಂತೆ ತೂಗುವ ಹಂದಿಮಾಂಸದ ಪಟ್ಟಿಗಳು. ಚಾಂದ್ರಮಾನದ ಹನ್ನೆರಡನೆಯ ತಿಂಗಳನ್ನು ಇಲ್ಲಿ ಲಾಪ್ ತಿಂಗಳು ಅನ್ನುತ್ತಾರೆ. ಒಣಮಾಂಸಕ್ಕೂ ಅದೇ ಹೆಸರು.

ಇವನ್ನು ಅನ್ನದ ಮೇಲಿಟ್ಟು ಮಣ್ಣಿನ ಮಡಕೆಯಲ್ಲಿ ಬೇಯಿಸಿದರೆ ಬೋ ಜಾಯ್ ಫಾನ್. ಫಾನ್ ಎಂದರೆ ಅನ್ನ, ಊಟವೂ ಹೌದು. ಮೊದಲು ತಿಂದದ್ದು ಯೌ ಮಾ ತೇಯ ಟೆಂಪಲ್ ಸ್ಟ್ರೀಟಿನಲ್ಲಿ. ಎದುರಿನ ಮೇಜಿನಲ್ಲಿ ಅಣ್ಣ ತಂಗಿ ಮಡಕೆಯ ತಳ ಕೆರೆಯಲು ಚಮಚ ಹಿಡಿದು ಜಗಳಕ್ಕೇ ಬಿದ್ದಿದ್ದರು. ತಳ ಹಿಡಿದ ಅನ್ನಕ್ಕೆ! ನನಗೆ ತುತ್ತು ಇಳಿಯಲಿಲ್ಲ.

ಮಂಡ್ಯದ ಕಡೆಯ ನಮ್ಮ ಮನೆಯಲ್ಲಿ ಅನ್ನ ಸೀದರೆ ಅಜ್ಜಿ, 'ಗ್ಯಾನ ಎಲ್ಲಿಕ್ಕಂಡಿದ್ದೆ?' ಎಂದು ಅವ್ವನ ಮೇಲೆ ರೇಗುತ್ತಿದ್ದಳು. ಬಿಳಿ ಅನ್ನ ನಮ್ಮ ತಟ್ಟೆಗೆ. ತಳದ್ದು ಅವ್ವನಿಗೆ. ಎಲ್ಲರೂ ಎದ್ದ ಮೇಲೆ ಅವಳು ಒಲೆಯ ಮುಂದೆ ಕೂತು ಪಾತ್ರೆ ಕೆರೆಯುವ ಸದ್ದು ನಡುಮನೆಗೆ ಕೇಳುತ್ತಿತ್ತು. ಒಮ್ಮೆಯೂ ನಾನು ಒಳಗೆ ಹೋಗಿ ನೋಡಲಿಲ್ಲ.

ಅಂತೂ ಮನೆಯಲ್ಲೇ ಮಾಡಲು ಹೊರಟೆ. ತಂತಿ ಬಿಗಿದ ಮಡಕೆ ತಂದು, ನೇರ ದೊಡ್ಡ ಉರಿಗಿಟ್ಟೆ. ಸೀಳಿತು. ಪಕ್ಕದ ಮನೆಯ ಅಜ್ಜಿ, ನಾನು ಪೋಪೋ ಎಂದು ಕರೆಯುವವರು, ಅದನ್ನು ನೋಡಿ ನಾಲಿಗೆ ಕಚ್ಚಿಕೊಂಡರು. ಹೊಸ ಮಡಕೆಯನ್ನು ನೀರಲ್ಲಿ ನೆನೆಸಿ, ಮೊದಲು ಗಂಜಿ ಕಾಯಿಸಬೇಕಂತೆ. ಗಂಜಿಯ ಅಂಟು ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ.

ಉಳಿದದ್ದನ್ನೂ ಅವರೇ ಕಲಿಸಿದರು. ಉದ್ದಕ್ಕಿಯನ್ನು ಒಂದು ಗಂಟೆ ನೆನೆಸಿ, ಸಮಸಮ ನೀರು ಹಾಕಿ ಕುದಿಸುವುದು. ನೀರು ಇಂಗಿ ಅನ್ನದ ಮೇಲೆ ತೂತುಗಳು ಕಂಡೊಡನೆ ಸಾಸೇಜು, ಮಾಂಸದ ಪಟ್ಟಿ ಇಟ್ಟು ಮುಚ್ಚಿ ಉರಿ ತಗ್ಗಿಸುವುದು. ಕೊಬ್ಬು ಕರಗಿ ಅನ್ನಕ್ಕಿಳಿಯುತ್ತದೆ. ಕೊನೆಗೆ ಅಂಚಿನ ಸುತ್ತ ಎಣ್ಣೆ ಬಿಟ್ಟು, ಮಡಕೆಯನ್ನು ವಾಲಿಸಿ ಒಂದೊಂದು ಬದಿಯನ್ನೂ ಉರಿಗೆ ಒಡ್ಡಬೇಕು. ಇಲ್ಲಿ ಗಡಿಯಾರ ಕೆಲಸಕ್ಕೆ ಬಾರದು. ಪೋಪೋ ಕಣ್ಣು ಮುಚ್ಚಿ ಕಿವಿ ಕೊಡುತ್ತಾರೆ. ಚಿಟಚಿಟ ಸದ್ದು ಬರಬೇಕು, ಹುರಿದ ವಾಸನೆ ಬರಬೇಕು, ಕಮಟು ವಾಸನೆ ಬರುವ ಮೊದಲೇ ಇಳಿಸಬೇಕು. ನಾನು ಎರಡು ಸಲ ಕರಕು ಮಾಡಿದೆ. ಇನ್ನೊಂದು ಸಲ ಹೆದರಿ ಬೇಗ ಇಳಿಸಿ, ಬರೀ ಮೆತ್ತನೆಯ ಅನ್ನ ತಿಂದೆ.

ಕಳೆದ ಭಾನುವಾರ ಸರಿಯಾಗಿ ಬಂತು. ಸಿಹಿ ಸೋಯಾ ಸಾಸ್ ಸುರಿದು ಕಲಸಿ, ತಳದಿಂದ ಹೊಂಬಣ್ಣದ ಚಕ್ಕೆ ಎಬ್ಬಿಸಿ, ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. "ನೋಡವ್ವ, ಇಲ್ಲಿ ಇದಕ್ಕೇ ಕಿತ್ತಾಡ್ತಾರೆ. ನಿಂಗೆ ಮಾತ್ರ ನಾವು ಬರೀ ಇದನ್ನೇ ಉಳಿಸ್ತಿದ್ವಿ" ಅಂದೆ. ಗಂಟಲು ಸ್ವಲ್ಪ ಕಟ್ಟಿತ್ತು.

ಅವ್ವ ನಕ್ಕಳು. "ಅಯ್ಯೋ ಪೆದ್ದೇ, ಎಷ್ಟೋ ದಿನ ನಾನೇ ಬೇಕೂಂತ ಇನ್ನೊಂದ್ ಗಳಿಗೆ ಕೆಂಡದ್ ಮ್ಯಾಲೆ ಬುಡ್ತಿದ್ದೆ. ನೀವೆಲ್ಲ ಎದ್ದೋದ್ಮೇಲೆ ಒಸಿ ಬೆಣ್ಣೆ, ಉಪ್ಪು ಹಾಕ್ಕಂಡು ತಿನ್ನದು. ನಿಮ್ಗೆ ಹೇಳಿದ್ರೆ ನಂಗೆಲ್ಲಿ ಉಳೀತಿತ್ತು?"

ನಿಜವೋ, ನನ್ನ ಮುಖ ನೋಡಿ ಹಾಗಂದಳೋ, ಗೊತ್ತಾಗಲಿಲ್ಲ. ಕೇಳೋಣವೆಂದರೆ ಅಷ್ಟರಲ್ಲಿ ಅವಳ ಕಣ್ಣು ಮಡಕೆಯ ಮೇಲಿತ್ತು.

"ಆ ಕೆಂಪ್ಗಿರದು ಏನ್ಲಾ?"

"ಹಂದಿ ಕಣವ್ವ."

ನಮ್ಮ ಮನೆಯಲ್ಲಿ ಹಂದಿ ಬೇಯುತ್ತಿದ್ದುದು ಹಿತ್ತಿಲಲ್ಲಿ, ಬೇರೆ ಪಾತ್ರೆಯಲ್ಲಿ, ಗಂಡಸರ ಕೈಯಲ್ಲಿ. ನಾನಿರುವುದು ಇಪ್ಪತ್ತೆರಡನೆಯ ಮಹಡಿ.

"ಒಳಗಿನ್ ಒಲೆ ಮ್ಯಾಲೇ ಮಾಡ್ದಾ?" ಅಂದಳು.