ಗಾಜಿನ ಗೋಪುರ

ಗುಂಡ್ಲುಪೇಟೆಯ ವಿಜಯನಾರಾಯಣನ ಗುಡಿ ನೋಡಿಕೊಂಡು, ಮೊಮ್ಮಗಳೊಡನೆ ಚಾಮರಾಜನಗರಕ್ಕೆ ಬಂದೆ. ಈ ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆ ಹುಟ್ಟಿದ ಊರಿಗೆ ತಂದೆಯ ಹೆಸರನ್ನೇ ಇಟ್ಟು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು.

ಗೋಪುರ ನೋಡುತ್ತಲೇ ಅವಳ ಪ್ರಶ್ನೆ: "ತಾತ, ಇದನ್ನೂ ಗಾಜಲ್ಲಿ ಮಾಡ್ಬೋದಾ?"

ಅವಳ ಚಿಕ್ಕಪ್ಪ ಜರ್ಮನಿಯಿಂದ ಗಾಜಿನ ಪುಟ್ಟ ತಾಜ್‌ಮಹಲ್ ತಂದುಕೊಟ್ಟಿದ್ದ. ಅಲ್ಲಿನ ಲೌಷಾ ಎಂಬ ಊರು ಈ ಕಸುಬಿಗೆ ಹೆಸರುವಾಸಿ. ಗಾಜಿನ ಕೊಳವೆಯನ್ನು ಉರಿಯಲ್ಲಿ ಮೆದುಮಾಡಿ, ಎರಡು ಹೋಳಿನ ಅಚ್ಚಿನೊಳಗಿಟ್ಟು ಬಾಯಿಂದ ಊದುತ್ತಾರೆ. ಆರಿದ ಮೇಲೆ ಒಳಗೆ ಬೆಳ್ಳಿಯ ದ್ರಾವಣ, ಹೊರಗೆ ಕುಂಚದ ಬಣ್ಣ. ಕೈಗೆ ತೂಕವೇ ತಿಳಿಯದು!

"ಮಾಡ್ಬೋದು ಕಣವ್ವ. ಆದ್ರೆ ಇಷ್ಟೊಂದು ಗಾರೆಬೊಂಬೆಗಳ ಕಣ್ಣು-ಮೂಗು ಬಣ್ಣದಲ್ಲೇ ಬರೀಬೇಕು."

"ತೇರು?"

ಆಷಾಢದಲ್ಲಿ ಬೇರೆ ಕಡೆ ಹೊಸ ಸೊಸೆಯನ್ನು ತವರಿಗೆ ಕಳಿಸುತ್ತಾರೆ. ಇಲ್ಲಿ ಹೊಸ ಜೋಡಿಗಳು ಒಟ್ಟಿಗೇ ಬಂದು ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. ನಾನೂ ಇವಳ ಅಜ್ಜಿಯೂ ಹಾಗೆ ಎಸೆದ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿತು. ಆಮೇಲೆ ವರ್ಷಗಟ್ಟಲೆ ತೇರೇ ಇಲ್ಲ. ಹೊಸದನ್ನು ಎಳೆದದ್ದು 2022ರಲ್ಲಿ.

"ಹಳೇದು ಹೆಂಗಿತ್ತು?"

ಚಕ್ರದಿಂದ ಶುರುಮಾಡಿದೆ. ಅವಳು ನೋಟ್‌ಬುಕ್ ತೆಗೆದು, ನಾನು ಹೇಳಿದಂತೆಲ್ಲ ಪೆನ್ಸಿಲ್ಲಿನಲ್ಲಿ ಬಿಡಿಸುತ್ತಾ ಹೋದಳು.