ಹದ್ದು ಬಾರದ ಹಳ್ಳದ ದಂಡೆ

ರಾಮನಗರ ಎಂದೊಡನೆ ನಿಮಗೆ ರೇಷ್ಮೆಗೂಡಿನ ಮಾರುಕಟ್ಟೆ ನೆನಪಾಗಬಹುದು. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ಈ ಊರಿನ ಪಕ್ಕದಲ್ಲೇ ರಾಮದೇವರ ಬೆಟ್ಟವಿದೆ. 2012ರಲ್ಲಿ ಸರಕಾರ ಅದನ್ನು ರಣಹದ್ದುಗಳ ಅಭಯಧಾಮವೆಂದು ಘೋಷಿಸಿತು. ಕಳೆದ ರಜೆಯಲ್ಲಿ ನಾನು ಆ ಬೆಟ್ಟದ ಆಸುಪಾಸಿನ ಹಳ್ಳಿಯಲ್ಲಿರುವ ಖಾಲಾರ ಮನೆಗೆ ಹೋಗಿದ್ದೆ. ಅಂದೇ ಅವರ ಎಮ್ಮೆ ಸತ್ತಿತ್ತು.

ಹಿಂದಿನ ರೂಢಿಯಂತೆ ಅದನ್ನು ಹಳ್ಳದ ದಂಡೆಗೆ ಎಳೆದು ಹಾಕಿದ್ದರು. ಸಂಜೆ ಕಾಗೆಗಳು ಬಂದು ಕಣ್ಣು ಕುಕ್ಕಿದವು. ಮರುದಿನ ಹೊಟ್ಟೆ ನಗಾರಿಯಂತೆ ಉಬ್ಬಿತು. ಮೂಗು, ಬಾಯಿಗಳಲ್ಲಿ ಹಸಿರು ನೊಣಗಳು ಮೊಟ್ಟೆಯಿಟ್ಟವು. ಬೀದಿನಾಯಿಗಳು ತೊಡೆ ಹರಿಯುತ್ತಾ, ಹತ್ತಿರ ಸುಳಿದ ಮಕ್ಕಳ ಮೇಲೆ ಗುರುಗುಟ್ಟುತ್ತಿದ್ದವು. ಮೂರನೆಯ ದಿನ ಹುಳುಗಳು ಮಿಜಿಗುಟ್ಟುತ್ತಿದ್ದವು. ದುರ್ವಾಸನೆ ಅಡುಗೆಮನೆಗೂ ಬಂತು.

“ನಾನು ಮದುವೆಯಾಗಿ ಬಂದಾಗ ಹೀಗಿರಲಿಲ್ಲ ಬೇಟಿ. ಬೆಳಗ್ಗೆ ಹಾಕಿದ್ರೆ ಹದ್ದುಗಳ ಹಿಂಡೇ ಇಳೀತಿತ್ತು. ಜುಹರ್ ಹೊತ್ತಿಗೆ ಬರೀ ಮೂಳೆ” ಎಂದರು ಖಾಲಾ.

ಆ ಹಿಂಡು ಎಲ್ಲಿ ಹೋಯಿತು? ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದುಬಿಡುತ್ತದೆ. ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ಕೆಲವೇ ದಿನಗಳಲ್ಲಿ ಅವು ಸಾಯುತ್ತವೆ. 1990ರ ದಶಕದಿಂದ ನಮ್ಮ ದೇಶದ ರಣಹದ್ದುಗಳು ಹೀಗೆ ನಾಶವಾದವು. ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ಒಂದೂ ಉಳಿಯಲಿಲ್ಲ. ಕಾರಣ ಪತ್ತೆಯಾಗಿ 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಜಾನುವಾರುಗಳಿಗೆ ಆ ಔಷಧಿಯನ್ನು ಭಾರತದಲ್ಲಿ ನಿಷೇಧಿಸಲಾಯಿತು. ಮನುಷ್ಯರಿಗಾಗಿ ಮಾರುವ ಸೀಸೆಗಳನ್ನೇ ದನಗಳಿಗೆ ಬಳಸುತ್ತಿದ್ದುದರಿಂದ 2015ರಲ್ಲಿ ದೊಡ್ಡ ಸೀಸೆಗಳನ್ನೂ ನಿಲ್ಲಿಸಲಾಯಿತು.

ಇದನ್ನು ಹೇಳುತ್ತಿದ್ದಂತೆ ಖಾಲಾರ ಮುಖ ಬಾಡಿತು. “ಕಾಲು ಊದಿ ಎದ್ದು ನಿಲ್ಲೋಕಾಗ್ತಿರಲಿಲ್ಲ. ಸಾಯೋ ಹಿಂದಿನ ದಿನ ಯಾರನ್ನೋ ಕರೆಸಿ ನೋವಿನ ಸೂಜಿ ಹಾಕಿಸಿದ್ದೆ.” ಯಾವ ಔಷಧಿ ಎಂದು ಅವರಿಗೂ ಗೊತ್ತಿರಲಿಲ್ಲ. ಹಿಂದಿನ ದಿನ ಬೆಟ್ಟದ ಬಂಡೆಯಂಚಿನಲ್ಲಿ ನಾನು ಕಂಡಿದ್ದ ಎರಡೇ ಎರಡು ಹದ್ದುಗಳು ಕಣ್ಣ ಮುಂದೆ ಬಂದವು. ಅವು ಇಲ್ಲಿ ಇಳಿಯಲಿಲ್ಲವಲ್ಲ ಎಂದು ಅಲ್ಲಾಹನನ್ನು ಸ್ತುತಿಸಿದೆ.

ಖಾಲಾ ತಡಮಾಡಲಿಲ್ಲ. ಮಗನನ್ನೂ ನೆರೆಯವರನ್ನೂ ಕರೆದು ಆಳವಾದ ಗುಂಡಿ ತೋಡಿಸಿದರು. ಸುಣ್ಣ ಹಾಕಿ ಮಣ್ಣು ಮುಚ್ಚುವವರೆಗೂ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಅಲ್ಲೇ ನಿಂತಿದ್ದರು.

ಸಹೋದರನನ್ನು ಕೊಂದವನಿಗೆ ಶವವನ್ನು ಮರೆಮಾಡುವ ಬಗೆ ತೋರಿಸಲು ಅಲ್ಲಾಹನು ಒಂದು ಕಾಗೆಯನ್ನು ಕಳುಹಿಸಿದ ಪ್ರಸಂಗ ಸೂರಃ ಅಲ್ ಮಾಇದಃದ 31ನೇ ಸೂಕ್ತದಲ್ಲಿದೆ. ನಾವು ಅಸಹ್ಯಪಡುವ ಹಕ್ಕಿಯೇ ಅಂದು ಮನುಷ್ಯನಿಗೆ ಶಿಕ್ಷಕನಾಯಿತು. ಊರಿನ ಕೊಳೆ ತೊಳೆಯುತ್ತಿದ್ದ ಹಕ್ಕಿಗೆ ನಾವು ಉಣಿಸಿದ್ದು ಮಾತ್ರ ವಿಷ.

ಸಹೋದರಿಯರೇ, ಹಟ್ಟಿಯ ಜಾನುವಾರುಗಳನ್ನು ನೋಡಿಕೊಳ್ಳುವವರು ಹೆಚ್ಚಾಗಿ ನೀವೇ. ಸೂಜಿ ಹಾಕಿಸುವ ಮುನ್ನ ಪಶುವೈದ್ಯರಲ್ಲಿ ಔಷಧಿಯ ಹೆಸರು ಕೇಳಿರಿ. ಹದ್ದುಗಳಿಗೆ ಹಾನಿ ಮಾಡದ ಮೆಲಾಕ್ಸಿಕಾಂ ಇದೆ. 2023ರಲ್ಲಿ ಕೀಟೊಪ್ರೊಫೇನ್, ಅಸಿಕ್ಲೊಫೆನಾಕ್‌ಗಳನ್ನೂ ಜಾನುವಾರುಗಳಿಗೆ ನಿಷೇಧಿಸಲಾಗಿದೆ. ಔಷಧಿ ಪಡೆದ ದನ ಸತ್ತರೆ ಬಯಲಿಗೆ ಎಸೆಯದೆ ಹೂಳಿಸಿರಿ.

ಹೊರಡುವಾಗ ಖಾಲಾ ನನ್ನ ಕೈಯಿಂದ ಆ ಔಷಧಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಕೊಟ್ಟಿಗೆಯ ಗೋಡೆಗೆ ಅಂಟಿಸಿದರು.