ಪಂಪನು ಹೇಳದ ಅಬ್ಬಣಬ್ಬೆ

ವಿಕ್ರಮಾರ್ಜುನ ವಿಜಯದ ಕೊನೆಯ ಆಶ್ವಾಸದಲ್ಲಿ ಪಂಪನು ತನ್ನ ವಂಶವನ್ನು ಹೇಳಿಕೊಂಡಿದ್ದಾನೆ. ಮಾಧವ ಸೋಮಯಾಜಿಯಿಂದ ತಂದೆ ಅಭಿರಾಮದೇವರಾಯನವರೆಗೆ ಗಂಡಸರ ಹೆಸರುಗಳುಂಟು. ತಂದೆ ಜೈನಧರ್ಮವನ್ನು ಸ್ವೀಕರಿಸಿದ ಸಂಗತಿಯುಂಟು. ಎರಡು ಕಾವ್ಯಗಳಿಗೆ ಹಿಡಿದ ತಿಂಗಳುಗಳ ಲೆಕ್ಕವೂ ಉಂಟು. ತಾಯಿಯ ಹೆಸರು ಮಾತ್ರ ಇಲ್ಲ. ತಮ್ಮನದೂ ಇಲ್ಲ. ಇದು ವಿನಯದ ಮೌನವಲ್ಲ. ತನ್ನ ಕೀರ್ತಿಯನ್ನು ಹೇಳಿಕೊಳ್ಳಲು ಪಂಪನು ಸಂಕೋಚಪಟ್ಟವನೇ ಅಲ್ಲ. ಕವಿಯ ಆತ್ಮಕಥನಕ್ಕೆ ಆಗ ಅರಮನೆಯಿತ್ತು, ಬಸದಿಯಿತ್ತು, ಅಡುಗೆಮನೆ ಇರಲಿಲ್ಲ.

ಅಬ್ಬಣಬ್ಬೆ ಎಂಬ ಹೆಸರು ಉಳಿದದ್ದು ತಮ್ಮ ಜಿನವಲ್ಲಭನು ಕೆತ್ತಿಸಿದ ಕುರ್ಕ್ಯಾಲ ಶಾಸನದಿಂದ. ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಧಾರವಾಡ ಸೀಮೆಯು ಪಂಪನನ್ನು ತನ್ನವನೆನ್ನುವುದಕ್ಕೆ ಆಧಾರವಾದುದು ಈ ತಾಯಿಯ ಹೆಸರೇ. 1641ರಲ್ಲಿ ‘ಅರ್ಧಕಥಾನಕ’ ಬರೆದ ಜೈನಕವಿ ಬನಾರಸೀದಾಸನು ಸತ್ತುಹೋದ ತನ್ನ ಒಂಬತ್ತು ಮಕ್ಕಳನ್ನೂ ಲೆಕ್ಕಕ್ಕೆ ತಂದ. ಪಂಪನಿಗೆ ಮಕ್ಕಳಿದ್ದರೇ ಎಂಬುದನ್ನು ಅವನ ಕಾವ್ಯ ಹೇಳುವುದಿಲ್ಲ.